ಏರಿನಲ್ಲಿ ಬರುವ ಸದ್ದು

“ನಿಧಾನಕ್ಕೆ ಹೋಗಿ. ನಾನೇನು ಎಲ್ಲಿಗೂ ಓಡೋಗಲ್ಲ.”

ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ ಮಲ್ಲಾಜಮ್ಮ ತನ್ನ ಗಂಡ ರಾಚಯ್ಯನಿಗೆ ಹೇಳಿದ ಕೊನೆಯ ಮಾತು ಇದು. ಅವಳಿಗೆ ಎದೆ ಹಿಡಿದುಕೊಂಡಿತ್ತು. ಮೈಯೆಲ್ಲ ಬೆವರು. ರಾಚಯ್ಯ ಪೇಟೆಯ ಆಸ್ಪತ್ರೆಗೆ ಕಾರು ಓಡಿಸುತ್ತಿದ್ದ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದಿರಲಿಲ್ಲ. ಚೆಕ್‌ಪೋಸ್ಟಿನ ಹತ್ತಿರ ಒಂದು ಹಂಪ್ ಇದೆ. ದಿನಾ ದಾಟುವ ಹಂಪ್. ಅವತ್ತು ಅದು ಕಾಣಲಿಲ್ಲ. ಕಾರಿನ ಹೊಟ್ಟೆ ಧಡ್ ಅಂತ ಬಡಿಯಿತು. ಆಗ ಅವಳು ಹಾಗಂದಳು. ನೋವಿನಲ್ಲೂ ದನಿ ಸ್ವಲ್ಪ ನಕ್ಕ ಹಾಗಿತ್ತು.

ಅವನು ನಿಧಾನ ಮಾಡಲಿಲ್ಲ. ಯಾರು ತಾನೇ ಮಾಡುತ್ತಾರೆ.

ಆಸ್ಪತ್ರೆ ಬಾಗಿಲಲ್ಲಿ ಇಳಿಸುವಾಗ ಅವಳಲ್ಲಿ ಉಸಿರಿರಲಿಲ್ಲ. ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ ಮಲಗಿಸಿ ವಾಪಸು ಊರಿಗೆ ತಂದ.

ಆ ಊರು ಬೆಟ್ಟದ ಬುಡದಲ್ಲಿದೆ. ಪೇಟೆಗೆ ಹೋಗಬೇಕಾದರೆ ಮೊದಲು ಉದ್ದನೆಯ ಏರು ಹತ್ತಬೇಕು. ಆಮೇಲೆ ಇಳಿಜಾರು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಸ್ಟ್ಯಾಂಡಿನಲ್ಲಿ ನಿಲ್ಲುವ ಉಳಿದ ಗಾಡಿಗಳೆಲ್ಲ ಟೊಮೇಟೊ, ಬಾಳೆಗೊನೆ ಹೊರುವ ಗೂಡ್ಸ್ ಆಟೋಗಳು. ಜನ ಕೂರುವ ಕಾರು ಅಂತ ಇದ್ದದ್ದು ರಾಚಯ್ಯನದು ಒಂದೇ. ಹಳೇ ಡೀಸೆಲ್ ಕಾರು.

ಆ ಊರಿನಲ್ಲಿ ಒಂದು ನಡವಳಿಕೆ ಇದೆ. ಸಾವಾದ ಮನೆಯ ಕೆಲಸವನ್ನು ತಿಥಿ ಮುಗಿಯುವ ತನಕ ನೆರೆಯವರೇ ಮಾಡುತ್ತಾರೆ. ಸೌದೆ ಒಡೆಯುತ್ತಾರೆ. ಹಸುವಿಗೆ ಹುಲ್ಲು ಹಾಕುತ್ತಾರೆ. ಕೆಟ್ಟದ್ದನ್ನು ರಿಪೇರಿ ಮಾಡುತ್ತಾರೆ. ಆದರೆ ಹೇಳುವುದಿಲ್ಲ. ನಿನ್ನ ಇಂಥದ್ದು ಕೆಟ್ಟಿತ್ತು, ಇಂಥದ್ದು ಒಡೆದಿತ್ತು ಅಂತ ಸಾವಿನ ಮನೆಯಲ್ಲಿ ಬಾಯಿ ಬಿಡಬಾರದು. ಹೋದದ್ದು ಸಾಲದು ಅಂತ ಇನ್ನೂ ಲೆಕ್ಕ ಹೇಳಿದ ಹಾಗಾಗುತ್ತದೆ. ಒಳ್ಳೆ ನಡವಳಿಕೆಯೇ. ಅದರಲ್ಲಿ ತಪ್ಪಿಲ್ಲ.

ಮಲ್ಲಾಜಮ್ಮನನ್ನು ತಂದ ದಿನ ಕಾರಿನ ಕೆಳಗೆ ಕರಿ ಎಣ್ಣೆಯ ಮಡು ನಿಂತಿತ್ತು. ಅದನ್ನು ನೋಡಿದವನು ಪರಶಿವ. ಗೂಡ್ಸ್ ಆಟೋ ಓಡಿಸುವ ಹುಡುಗ, ರಾಚಯ್ಯನನ್ನು ಮಾವ ಅನ್ನುತ್ತಾನೆ. ಬಗ್ಗಿ ನೋಡಿದ. ಎಂಜಿನ್ ಅಡಿಯಲ್ಲಿ ಆಯಿಲ್ ಇಳಿಸುವ ಬೋಲ್ಟು ಏಟು ತಿಂದು ಸಡಿಲವಾಗಿತ್ತು. ಆಯಿಲ್ ದಾರಿಯುದ್ದಕ್ಕೂ ಸೋರಿಹೋಗಿತ್ತು. ಪರಶಿವ ಬೇರೆ ಬೋಲ್ಟು ಹಾಕಿದ. ಹೊಸ ಆಯಿಲ್ ತುಂಬಿಸಿದ. ಹೆಂಗಸರು ಅರಿಶಿನದ ನೀರಿನಲ್ಲಿ ಕಾರು ತೊಳೆದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಪರಶಿವ ಯಾರಿಗೂ ಏನೂ ಹೇಳಲಿಲ್ಲ.

ತಿಥಿ ಆಯಿತು. ನೆಂಟರು ಹೋದರು. ರಾಚಯ್ಯ ಕಾರು ತೆಗೆದ.

ಊರೊಳಗೆ ಕಾರು ಸರಿಯಾಗೇ ಓಡಿತು. ಏರು ಶುರುವಾಯಿತು. ಕಾಲು ಒತ್ತಿದ. ಕೆಳಗಿನಿಂದ ಸದ್ದು ಬಂತು. ಟಕ್ ಟಕ್ ಟಕ್. ಒಳಗಿನಿಂದ ಯಾರೋ ಬೆರಳ ಗೆಣ್ಣಿನಲ್ಲಿ ಬಾಗಿಲು ಬಡಿದ ಹಾಗೆ. ಕಾಲು ಸಡಿಲಿಸಿದ. ಸದ್ದು ನಿಂತಿತು. ಮತ್ತೆ ಒತ್ತಿದ. ಟಕ್ ಟಕ್ ಟಕ್. ಮತ್ತೆ ಬಿಟ್ಟ. ನಿಂತಿತು.

ರಾಚಯ್ಯ ಕಾರನ್ನು ರಸ್ತೆ ಪಕ್ಕಕ್ಕೆ ಹಾಕಿದ. ಸ್ಟೇರಿಂಗ್ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದ. ಜೋರು ಮಾಡಿದರೆ ಬಡಿಯುತ್ತದೆ. ನಿಧಾನ ಮಾಡಿದರೆ ಸುಮ್ಮನಾಗುತ್ತದೆ. ಅವನಿಗೆ ಬೇರೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

“ಆಯ್ತು ಕಣೆ,” ಅಂದ. ಗೇರ್ ಹಾಕಿ ನಿಧಾನಕ್ಕೆ ಏರು ಹತ್ತಿದ.

ಸ್ಟ್ಯಾಂಡಿನವರಿಗೆ ಎರಡೇ ದಿನದಲ್ಲಿ ಸದ್ದು ಗೊತ್ತಾಯಿತು.

“ಏನ್ ಮಾವ, ಗಾಡಿ ಒಳಗೆ ಕಮ್ಮಾರನ್ನ ಕೂರಿಸ್ಕಂಡಿದ್ದೀಯಾ?” ಅಂದ ಪರಶಿವ.

“ಇರ್ಲಿ ಬುಡು.”

“ಡಿಕ್ಕಿ ತೆಗಿ. ಜಾಕು ಉಳ್ಳಾಡ್ತಾದೇನೋ ನೋಡಾನ.”

“ಜಾಕಲ್ಲ.”

“ಮತ್ತೇನು?”

ರಾಚಯ್ಯ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ. ಪರಶಿವ ಮತ್ತೆ ಕೇಳಲಿಲ್ಲ. ಹೆಂಡತಿ ಸತ್ತವನನ್ನು ಜಾಸ್ತಿ ಕೆಣಕಬಾರದು.

ವಾರಕ್ಕೆ ಎರಡು ಸಲ ರಾಚಯ್ಯ ದೊಡ್ಡತಾಯಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗುತ್ತಿದ್ದ. ದೊಡ್ಡತಾಯಮ್ಮ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾರಿ ಬದುಕಿದವಳು. ಅವಳಿಗೆ ಎರಡೂ ಕಿಡ್ನಿ ಹೋಗಿದ್ದವು. ಆಸ್ಪತ್ರೆಯಲ್ಲಿ ಮಿಷನ್‌ಗೆ ಹಾಕಿ ರಕ್ತ ಶುದ್ಧಿ ಮಾಡುತ್ತಿದ್ದರು. ಡಯಾಲಿಸಿಸ್ ಅನ್ನುತ್ತಾರೆ. ಅವಳು ಮಾತ್ರ “ರಕ್ತ ಒಗೆಸಕ್ಕೆ ಹೋಯ್ತೀನಿ” ಅನ್ನುತ್ತಿದ್ದಳು. ಪ್ರತಿಯೊಬ್ಬರಿಗೂ ಸರದಿ ಇರುತ್ತದೆ. ಸರದಿಯ ಹೊತ್ತಿಗೆ ಅಲ್ಲಿರಬೇಕು. ತಡವಾದರೆ ಮಿಷನ್ ಕಾಯುವುದಿಲ್ಲ. ವಾಪಸು ಬರುವಾಗ ಅವಳಿಗೆ ಕೂರಲು ಆಗುತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿ ಮಲಗಿ ಬರುತ್ತಿದ್ದಳು. ಮಲ್ಲಾಜಮ್ಮ ಇದ್ದಾಗಲೇ ಮಾತಾಗಿತ್ತು. ಏನೇ ಬಾಡಿಗೆ ಬಂದರೂ ಆ ಎರಡು ದಿನ ಕಾರು ದೊಡ್ಡತಾಯಮ್ಮನಿಗೆ.

ಮಲ್ಲಾಜಮ್ಮ ಸತ್ತ ಮೇಲೆ ಕೆಲವರು ಆ ಹಿಂದಿನ ಸೀಟಿನಲ್ಲಿ ಕೂರಲು ಹಿಂದೆಮುಂದೆ ನೋಡಿದರು. ದೊಡ್ಡತಾಯಮ್ಮ ನೋಡಲಿಲ್ಲ. “ನಾನೂ ಅದೇ ದಾರೀಲಿ ಇರೋಳು, ನಂಗೇನು ಭಯ” ಅಂತ ಹತ್ತಿ ಕೂತಳು. ಅವಳ ಮಗಳು ಮಂಗಳ ಮುಂದೆ ಕೂತಳು.

ಏರಿನಲ್ಲಿ ಸದ್ದು ಬಂತು.

“ಅದೇನಪ್ಪ, ಕೆಳಗೆ ಯಾರಾದ್ರೂ ರಾಗಿ ಕುಟ್ತಾವ್ರಾ?” ಅಂದಳು ದೊಡ್ಡತಾಯಮ್ಮ.

ರಾಚಯ್ಯ ಯಾರಿಗೂ ಹೇಳದೆ ಇದ್ದದ್ದನ್ನು ಅವಳಿಗೆ ಹೇಳಿದ.

“ಮಲ್ಲಾಜಿ ಕಣಕ್ಕ. ನಿಧಾನಕ್ಕೆ ಹೋಗು ಅಂತಾವ್ಳೆ. ಕಾಲು ತೆಗುದ್ರೆ ಸುಮ್ಕಾಯ್ತಾಳೆ. ನೋಡು.”

ಕಾಲು ತೆಗೆದು ತೋರಿಸಿದ. ಸದ್ದು ನಿಂತಿತು. ಮಂಗಳ ತನ್ನ ಸೆರಗು ಎಳೆದುಕೊಂಡು ಬಾಗಿಲ ಕಡೆಗೆ ಸರಿದಳು.

ದೊಡ್ಡತಾಯಮ್ಮ ತಾನು ಕೂತ ಸೀಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಕೇಳಿದಳು. “ಬದುಕಿದ್ದಾಗ ಅವಳ ಮಾತ್ನ ಇಷ್ಟು ಕೇಳ್ತಿದ್ದೇನಪ್ಪ?”

“ಇಲ್ಲ.”

“ಗಂಡಸ್ರೇ ಹಂಗೆ. ನಮ್ಮೆಜಮಾನ್ರೂ ನಾನು ಸತ್ತ ಮೇಲೆ ಕೇಳಾನ ಅಂತ ಕಾಯ್ತಾ ಇದ್ರು. ಅವರೇ ಮೊದ್ಲು ಹೊಂಟೋದ್ರು.”

ರಾಚಯ್ಯ ನಕ್ಕ. ತಿಥಿ ಆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಕಾರು ಎತ್ತಿನಗಾಡಿಯ ಹಾಗೆ ಏರು ಹತ್ತಿತು. ಅವತ್ತು ಸರದಿಗೆ ಹೇಗೋ ಮುಟ್ಟಿದರು.

ಅವಳು ಮಿಷನ್ ಮೇಲೆ ಮಲಗಿದಳು. ರಾಚಯ್ಯ ಹೊರಗೆ ಬೇವಿನ ಮರದ ಕೆಳಗೆ ಕೂತ. ಟೊಮೇಟೊ ಇಳಿಸಲು ಪೇಟೆಗೆ ಬಂದಿದ್ದ ಪರಶಿವ ಅಲ್ಲಿಗೆ ಬಂದ. ಬಂದವನು ಬಿಡಲಿಲ್ಲ.

“ಬಾ ಮಾವ. ವೇಲು ಹತ್ರ ಒಂದ್ಸಲ ತೋರ್ಸಾನ. ನೋಡುದ್ರೆ ಏನು ಹೋಯ್ತದೆ?”

ವೇಲು ಮೆಕ್ಯಾನಿಕ್. ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಅವನ ಶೆಡ್ಡು. ತಮಿಳು ಕಡೆಯವನು, ಇಲ್ಲೇ ಬೆಳೆದವನು. ಕಾರು ನಿಲ್ಲಿಸಿ ರೇಸ್ ಮಾಡಿ ಕೇಳಿದ. ಅಷ್ಟೇನೂ ಇಲ್ಲ.

“ನಿಂತಾಗ ಜೋರಾಗಿ ಬರಲ್ಲಣ್ಣ ಇದು. ಲೋಡಲ್ಲಿ ಬರೋ ಸದ್ದು. ನಡೀರಿ ಏರಿಗೆ.”

ಪಕ್ಕದಲ್ಲಿ ಕೂತು ಬಂದ. ಏರಿನಲ್ಲಿ ತುಳಿಸಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ. ಶೆಡ್ಡಿಗೆ ಬಂದು ಒಂದೊಂದೇ ನೋಡಿದ. ಡಿಕ್ಕಿ ಖಾಲಿ ಮಾಡಿದ. ಸೈಲೆನ್ಸರ್ ಹಿಡಿದು ಅಲ್ಲಾಡಿಸಿದ. ಹ್ಯಾಂಡ್‌ಬ್ರೇಕ್ ಎಳೆದು ಕ್ಲಚ್ ಬಿಡಿಸಿ ಎಂಜಿನ್ ಎಗರುತ್ತದಾ ನೋಡಿದ. ಅಡಿಗೆ ಹೋಗಿ ಶಾಫ್ಟು ತಿರುಗಿಸಿದ. ಎಲ್ಲ ಸರಿಯಾಗಿತ್ತು. ಉದ್ದನೆಯ ಸ್ಕ್ರೂಡ್ರೈವರ್ ತಂದು ತುದಿಯನ್ನು ಎಂಜಿನ್‌ಗೆ ಇಟ್ಟ. ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಡಾಕ್ಟರು ಎದೆ ನೋಡಿದ ಹಾಗೆ ಅಲ್ಲಿ ಇಲ್ಲಿ ಇಟ್ಟು ಕೇಳಿದ.

ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಹೋಗುವ ಪೈಪುಗಳನ್ನು ಒಂದೊಂದಾಗಿ ಸಡಿಲ ಮಾಡಿ ಬಿಗಿ ಮಾಡುತ್ತ ಬಂದ. ಮೊದಲನೆಯದು ಸಡಿಲ ಮಾಡಿ ರೇಸ್ ಮಾಡಿದ. ಸಣ್ಣಗೆ ಕೇಳುತ್ತಿದ್ದ ಸದ್ದು ಹಾಗೇ ಇತ್ತು. ಎರಡನೆಯದು. ಹಾಗೇ ಇತ್ತು. ಮೂರನೆಯದು ಸಡಿಲ ಮಾಡಿದಾಗ ಸದ್ದು ತಗ್ಗಿತು. ಬಿಗಿ ಮಾಡಿದಾಗ ಮತ್ತೆ ಬಂತು.

ವೇಲು ಎಂಜಿನ್ ಆರಿಸಿದ. ಆಯಿಲ್ ನೋಡುವ ಕಡ್ಡಿ ಎಳೆದು ಬೆರಳಲ್ಲಿ ಸವರಿ ಬಿಸಿಲಿಗೆ ಹಿಡಿದ. ಎಣ್ಣೆಯಲ್ಲಿ ಮಿಣಮಿಣ ಅನ್ನುವ ಪುಡಿ.

“ಮೂರನೇದರ ಬಿಗೆಂಡ್ ಬೇರಿಂಗ್ ಹೋಗೈತೆ ಅಣ್ಣ.”

ಕಾರು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಜಿನ್ ಒಳಗೆ ಕಬ್ಬಿಣದ ತೋಳುಗಳಿರುತ್ತವೆ. ಮೇಲೆ ಕೆಳಗೆ ಆಡುತ್ತ ಒಂದು ದಪ್ಪ ಶಾಫ್ಟನ್ನು ತಿರುಗಿಸುತ್ತವೆ. ತೋಳು ಶಾಫ್ಟನ್ನು ಹಿಡಿದುಕೊಳ್ಳುವ ಜಾಗದಲ್ಲಿ ಅರ್ಧ ಬಳೆಯಂಥ ಎರಡು ತೆಳ್ಳನೆಯ ತುಂಡು ಕೂತಿರುತ್ತವೆ. ಅದು ಬೇರಿಂಗ್. ಬಳೆಗೂ ಶಾಫ್ಟಿಗೂ ನಡುವೆ ಸದಾ ಎಣ್ಣೆ ಇರಬೇಕು. ಎಣ್ಣೆ ಇಲ್ಲದೆ ಓಡಿದರೆ ಬಳೆ ಸವೆಯುತ್ತದೆ. ಸವೆದ ಮೇಲೆ ತೋಳು ಸಡಿಲ. ಭಾರ ಬಿದ್ದಾಗೆಲ್ಲ ಬಡಿಯುತ್ತದೆ. ಬಡಿದು ಬಡಿದು ಒಂದು ದಿನ ಮುರಿಯುತ್ತದೆ.

“ಆಯಿಲ್ ಇಲ್ದೆ ಓಡ್ಸುದ್ರಾ?” ಅಂತ ವೇಲು ಕೇಳಿದ.

“ಇಲ್ಲಪ್ಪ. ಆಯಿಲ್ ತುಂಬ ಐತಲ್ಲ.”

“ಈಗ ಐತೆ. ಯಾವತ್ತೋ ಇರ್ಲಿಲ್ಲ.”

ಪರಶಿವ ಕಾಲು ಬದಲಿಸಿ ನಿಂತ. ಹೇಳಲೋ ಬೇಡವೋ ಅನ್ನುವ ಹಾಗಿತ್ತು. ಕಡೆಗೆ ಹೇಳಿದ.

“ಮಾವ, ಅತ್ತೇನ ತಂದ ದಿನ ಆಯಿಲ್ ಪೂರಾ ಸೋರೋಗಿತ್ತು. ಬೋಲ್ಟು ಏಟು ತಿಂದಿತ್ತು. ನಾನೇ ಬೇರೆ ಹಾಕಿ ಆಯಿಲ್ ತುಂಬ್ಸಿದ್ದೆ. ಆ ಹೊತ್ತಲ್ಲಿ ಹೆಂಗೆ ಹೇಳ್ಲಿ ನಿಂಗೆ.”

ವೇಲು ಬಗ್ಗಿ ಅಡಿ ನೋಡಿದ. “ಹೂಂ. ಇಲ್ಲಿ ನಗ್ಗೋಗೈತೆ. ಎಲ್ಲೋ ಹಂಪಲ್ಲಿ ಬಡಿದೈತೆ.”

ರಾಚಯ್ಯ ಆ ನಗ್ಗಿದ ಜಾಗವನ್ನು ಮುಟ್ಟಿ ನೋಡಿದ. ಅವನಿಗೆ ಗೊತ್ತಿತ್ತು ಯಾವ ಹಂಪ್ ಅಂತ. ಬಡಿದ ಹೊತ್ತಿನಲ್ಲೇ ಅವಳು ಮಾತಾಡಿದ್ದಳು. ಸದ್ದು ಹುಟ್ಟಿದ್ದೂ ಆವಾಗಲೇ. ವೇಲು ಸರಿಯಾಗಿ ಕಂಡುಹಿಡಿದಿದ್ದ. ರಾಚಯ್ಯನಿಗೂ ಅದು ಸರಿಯಾಗಿಯೇ ಕೇಳಿಸಿತು. ಆದರೆ ಬೇರಿಂಗ್ ಅನ್ನುವ ಮಾತು ಅವನ ಕಿವಿ ದಾಟಿ ಎದೆಗೆ ಇಳಿಯಲಿಲ್ಲ.

“ರಿಪೇರಿ ಮಾಡುದ್ರೆ ಸದ್ದು ಹೋಯ್ತದಾ?”

“ಹೋಯ್ತದೆ.”

“ಒಂಚೂರೂ ಇರಲ್ವಾ?”

ವೇಲು ನಕ್ಕ. “ಏನಣ್ಣ ನೀವು. ಎಲ್ರೂ ಒಂಚೂರು ಉಳೀತು ಅಂತ ಜಗಳಕ್ಕೆ ಬರ್ತಾರೆ. ನೀವು ಉಳೀಲಿ ಅನ್ನಂಗೆ ಕೇಳ್ತೀರಿ.”

“ಹಂಗಾದ್ರೆ ಬೇಡ ಬುಡು.”

ವೇಲುವಿನ ನಗು ನಿಂತಿತು. “ಅಣ್ಣ, ಇದು ದಿನಾ ದಿನಾ ಜಾಸ್ತಿ ಆಯ್ತದೆ. ಯಾವತ್ತು ಮುರೀತದೆ ಅಂತ ನಾನು ಹೇಳ್ಲಾರೆ. ಏರಲ್ಲೇ ಮುರಿಯೋದು ಮಾತ್ರ ಖಂಡಿತ. ಜನ ಕೂರಿಸ್ಬೇಡಿ.”

ರಾಚಯ್ಯ ಬಾನೆಟ್ ಮುಚ್ಚಿದ.

ಅವನ ಮನೆಯಲ್ಲಿ ಸದ್ದು ಇರಲಿಲ್ಲ. ಒಲೆ ಮುಂದೆ ಊದುವ ಸದ್ದಿಲ್ಲ. ಬಾಗಿಲಲ್ಲಿ ಬಳೆ ಸದ್ದಿಲ್ಲ. ಒಬ್ಬನೇ ಅನ್ನ ಬೇಯಿಸಿಕೊಂಡು ಮಡಕೆಯಲ್ಲೇ ಕೈಯಿಟ್ಟು ತಿನ್ನುತ್ತಿದ್ದ. ಸಂಜೆ ಬಾಡಿಗೆ ಇರಲಿ ಬಿಡಲಿ, ಕಾರು ತೆಗೆದು ಏರಿನ ತನಕ ಹೋಗುತ್ತಿದ್ದ. ಒಂದು ಸಲ ಜೋರಾಗಿ ತುಳಿಯುತ್ತಿದ್ದ. ಕೇಳುತ್ತಿದ್ದ. ಕಾಲು ತೆಗೆದು ತಿರುಗಿಸಿಕೊಂಡು ಬರುತ್ತಿದ್ದ. ಆಮೇಲೆ ನಿದ್ದೆ ಬರುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದು ಅವನ ಪಾಡು. ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಆದರೆ ಸದ್ದು ಜಾಸ್ತಿಯಾಯಿತು. ಮೊದಲು ಕಡಿದಾದ ಏರಿನಲ್ಲಿ ಬರುತ್ತಿದ್ದದ್ದು ಈಗ ಸಣ್ಣ ಏರಿನಲ್ಲೂ ಬಂತು. ಅವಳು ಇನ್ನೂ ನಿಧಾನ ಕೇಳುತ್ತಿದ್ದಾಳೆ ಅಂದುಕೊಂಡ. ಇನ್ನೂ ನಿಧಾನ ಮಾಡಿದ. ದೊಡ್ಡತಾಯಮ್ಮನಿಗೆ ಸರದಿ ತಪ್ಪತೊಡಗಿತು.

ಒಂದು ದಿನ ಮಂಗಳ ಗಡಿಯಾರ ನೋಡಿ ನೋಡಿ ಸಾಕಾಗಿ ಬಾಯಿಬಿಟ್ಟಳು. “ಮಾವ, ಒಂಚೂರು ಬೇಗ. ಅವ್ವನ ಹೆಸರು ಕೂಗಿಬಿಡ್ತಾರೆ.”

ರಾಚಯ್ಯ ಒತ್ತಿದ. ಸದ್ದು ಬಂತು. ಕಾಲು ತಾನಾಗಿಯೇ ಹಿಂದಕ್ಕೆ ಬಂತು.

ಆಸ್ಪತ್ರೆಯಲ್ಲಿ ನರ್ಸಮ್ಮ ಬೈಯಲಿಲ್ಲ. ಅವಳಿಗೂ ಸಾಕಾಗಿತ್ತು. “ಹೊತ್ತಾಗೋಯ್ತಲ್ಲಮ್ಮ. ನಿಮ್ ಹಿಂದಿನೋರು ಆಗ್ಲೇ ಬಂದು ಕೂತವ್ರೆ. ಇವತ್ತು ಅರ್ಧಕ್ಕೇ ತೆಗೀತೀನಿ” ಅಂದಳು. ಅರ್ಧ ಶುದ್ಧಿಯಾದ ರಕ್ತ ಇಟ್ಟುಕೊಂಡು ದೊಡ್ಡತಾಯಮ್ಮ ವಾಪಸು ಬಂದಳು. ಅವಳ ಕಾಲು ಊದಿತ್ತು. ಮುಖ ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಸ್ಟ್ಯಾಂಡಿನಲ್ಲಿ ಪರಶಿವ ರಾಚಯ್ಯನ ಪಕ್ಕ ಬಂದು ಕೂತ.

“ಮಾವ, ನಾನು ಒಂದು ಹೇಳ್ತೀನಿ. ಬೈಬೇಡ. ಗಾಡೀನ ವೇಲು ಹತ್ರ ಬುಡು. ಬಿಚ್ಚಿ ಮಾಡ್ಲಿ. ಅಲ್ಲೀಗಂಟ ದೊಡ್ಡತಾಯಮ್ಮನ್ನ ನಾನು ಕರ್ಕಂಡೋಯ್ತೀನಿ. ಆಟೋಲಿ ಹಿಂದೆ ಹುಲ್ಲು ಹಾಕಿ ಹಾಸಿಗೆ ಹಾಸ್ತೀನಿ. ಕುಲುಕ್ತದೆ, ಆದ್ರೆ ಹೊತ್ತಿಗೆ ಮುಟ್ಟಿಸ್ತೀನಿ.”

ರಾಚಯ್ಯ ಬೀಡಿ ನೆಲಕ್ಕೆ ಒತ್ತಿ ಆರಿಸಿದ.

“ನಿಂಗೊತ್ತಿಲ್ಲ ಕಣ್ಲಾ. ಆ ಸದ್ದು ಹೋದ್ರೆ ನಂಗೆ ಇನ್ನೇನೂ ಉಳಿಯಕಿಲ್ಲ.”

“ಗೊತ್ತು ಮಾವ. ಮಂಗಳಕ್ಕ ಹೇಳುದ್ಲು. ಊರಿಗೆಲ್ಲ ಗೊತ್ತು.” ಪರಶಿವ ದನಿ ತಗ್ಗಿಸಿದ. “ಆದ್ರೆ ದೊಡ್ಡತಾಯಮ್ಮ ಇನ್ನೂ ಬದುಕವ್ಳಲ್ಲ.”

ರಾಚಯ್ಯ ಎದ್ದು ಹೋದ. ಹೋಗುವಾಗ ಅಂದ, “ನಾಳಿದ್ದಿನ ಸರದಿ ಒಂದು ಮುಗೀಲಿ. ಆಮೇಲೆ ನೋಡಾನ.”

ಒಂದೇ ಒಂದು ಸಲ ಅಂದುಕೊಂಡ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಆ ದಿನ ದೊಡ್ಡತಾಯಮ್ಮನನ್ನು ಎತ್ತಿ ಕಾರಿಗೆ ಕೂರಿಸಬೇಕಾಯಿತು. ಮಲಗಲು ಆಗುತ್ತಿರಲಿಲ್ಲ. ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಬಾಯಲ್ಲಿ ಉಸಿರಾಡುತ್ತಿದ್ದಳು. ಮಂಗಳ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದಳು. ಏರು ಶುರುವಾಯಿತು. ಸದ್ದೂ ಶುರುವಾಯಿತು. ರಾಚಯ್ಯ ಕಾಲು ತೆಗೆದ. ಕಾರು ನಡೆಯುವವನ ಪಕ್ಕದಲ್ಲಿ ನಡೆಯುವ ಹಾಗೆ ಹೋಯಿತು.

“ರಾಚಯ್ಯ,” ಅಂದಳು ದೊಡ್ಡತಾಯಮ್ಮ. ಒಂದೊಂದು ಮಾತಿಗೂ ಉಸಿರು ತೆಗೆಯಬೇಕಿತ್ತು. “ಓಡ್ಸಪ್ಪ.”

“ಹೂಂ ಕಣಕ್ಕ.”

“ನಂಗೆ ಇನ್ನೂ ಬದುಕೋ ಆಸೆ ಐತೆ ಕಣಪ್ಪ. ನಾಚ್ಕೆ ಬುಟ್ಟು ಹೇಳ್ತೀನಿ. ಅವಳು ಬಡೀಲಿ. ನೀನು ಓಡ್ಸು.”

ರಾಚಯ್ಯ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಆಮೇಲೆ ಒತ್ತಿದ. ಸದ್ದು ಬಂತು. ಅವನು ಕಾಲು ತೆಗೆಯಲಿಲ್ಲ. ಸದ್ದು ಜೋರಾಯಿತು. ಕಾಲಡಿಯ ತಗಡು ನಡುಗಿತು. ಅವನು ತೆಗೆಯಲಿಲ್ಲ. ಕಾರು ಏರಿದ್ದು ಅರ್ಧ. ಕೆಳಗಿನಿಂದ ಒಂದೇ ಒಂದು ದೊಡ್ಡ ಏಟು. ಕಬ್ಬಿಣ ಸೀಳಿದ ಸದ್ದು. ಎಂಜಿನ್ ಹಿಡಿದು ನಿಂತಿತು. ಬಿಸಿ ಎಣ್ಣೆ ರಸ್ತೆ ಮೇಲೆ ಇಳಿಯಿತು. ಕಾರು ಹಿಂದಕ್ಕೆ ಜಾರಿತು. ರಾಚಯ್ಯ ಎರಡು ಕಾಲಲ್ಲಿ ಬ್ರೇಕು ತುಳಿದು, ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಕಡೆಯ ಮಣ್ಣಿಗೆ ಒರಗಿಸಿ ನಿಲ್ಲಿಸಿದ.

ಆಮೇಲೆ ಸದ್ದೇ ಇಲ್ಲ. ದೊಡ್ಡತಾಯಮ್ಮನ ಉಸಿರಿನ ಸದ್ದು ಒಂದೇ.

ಅಲ್ಲಿ ಫೋನು ಸಿಗುವುದಿಲ್ಲ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಮಂಗಳ ಚಪ್ಪಲಿ ಕೈಯಲ್ಲಿ ಹಿಡಿದು ಏರಿನ ತುದಿಗೆ ಓಡಿದಳು, ಅಲ್ಲಿ ಸಿಗ್ನಲ್ ಬರುತ್ತದೆ ಅಂತ. ರಾಚಯ್ಯ ದೊಡ್ಡತಾಯಮ್ಮನಿಗೆ ಟವೆಲಿನಲ್ಲಿ ಗಾಳಿ ಹಾಕಿದ. ಬಿಸಿಲು ಏರಿತು. ಅವಳು ಒಮ್ಮೆ ನೀರು ಕೇಳಿದಳು. ಅವಳಿಗೆ ನೀರು ಕೊಡಬಾರದು ಅಂತ ಹೇಳಿದ್ದರು. ಅವನು ಬೆರಳು ಅದ್ದಿ ತುಟಿ ಒದ್ದೆ ಮಾಡಿದ.

ಕಡೆಗೆ ಒಂದು ಕಲ್ಲಿನ ಲಾರಿ ಬಂತು. ಕ್ಯಾಬಿನ್‌ಗೆ ಎತ್ತಿ ಕೂರಿಸಿಕೊಂಡರು. ಏರಿನ ತುದಿಯಲ್ಲಿ ಫೋನು ಹಿಡಿದು ನಿಂತಿದ್ದ ಮಂಗಳನನ್ನೂ ಹತ್ತಿಸಿಕೊಂಡರು. ಆಸ್ಪತ್ರೆ ಮುಟ್ಟಿದಾಗ ಅವಳ ಮಿಷನ್ ಮೇಲೆ ಇನ್ನೊಬ್ಬರಿದ್ದರು. ನರ್ಸಮ್ಮ ಓಡಿಬಂದು ಬೇರೆ ಮಿಷನ್ ಖಾಲಿ ಮಾಡಿಸುತ್ತೇನೆ ಅಂತ ಹೋದಳು. ಸೂಜಿ ಕೊಟ್ಟರು. ಆಮ್ಲಜನಕ ಇಟ್ಟರು. ಮಿಷನ್ ಖಾಲಿಯಾಗುವ ಮೊದಲೇ ದೊಡ್ಡತಾಯಮ್ಮ ಹೋದಳು. ಮಂಗಳನ ತೋಳಿನ ಮೇಲೆ ತಲೆ ಇತ್ತು.

ಅವಳನ್ನು ಪರಶಿವನ ಗೂಡ್ಸ್ ಆಟೋದಲ್ಲಿ ಊರಿಗೆ ತಂದರು. ಹುಲ್ಲು ಹಾಕಿ ಹಾಸಿಗೆ ಹಾಸಿದ್ದ. ದಾರಿಯಲ್ಲಿ ಅವನು ರಾಚಯ್ಯನ ಜೊತೆ ಮಾತಾಡಲಿಲ್ಲ.

ಸಂಜೆ ದೊಡ್ಡತಾಯಮ್ಮನ ಮನೆ ಮುಂದೆ ಜನ ಸೇರಿತು. ರಾಚಯ್ಯ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಒಳಗೆ ಹೆಂಗಸರು ಮಾತಾಡುವುದು ಕೇಳುತ್ತಿತ್ತು.

“ಆ ಕಾರಲ್ಲಿ ಹೋಗ್ಬೇಡ ಅಂತ ನಾನು ಬಡ್ಕಂಡೆ.”

“ಮಲ್ಲಾಜಿ ಆ ಸೀಟ್ನ ಬುಟ್ಟಿಲ್ಲ ಕಣವ್ವ. ಕೂತೋರ ಬೆನ್ನಿಗೇ ಬಡೀತಿದ್ಲಂತೆ.”

“ಅವಳಿಗೊಂದು ಜೊತೆ ಬೇಕಾಗಿತ್ತು. ಕರ್ಕಂಡ್ಲು.”

“ಬದುಕಿದ್ದಾಗ ಇಬ್ರೂ ಅಕ್ಕತಂಗೀರಂಗೆ ಇದ್ರಲ್ಲೇ. ಸತ್ತ ಮೇಲೆ ಹಿಂಗಾ ಮಾಡಾದು.”

ಆಮೇಲೆ ಮಂಗಳನ ದನಿ. ಅತ್ತು ಅತ್ತು ಒಡೆದಿತ್ತು. “ಅವಳು ಎಲ್ಲಿದ್ರೂ ಉದ್ಧಾರ ಆಗಕಿಲ್ಲ. ನಮ್ಮವ್ವನ್ನ ತಿಂದ್ಲು. ಅವಳ ಹೆಸರಿಗೆ ಬೆಂಕಿ ಬೀಳ.”

ಹೊರಗೆ ಕೂತ ಗಂಡಸರು ರಾಚಯ್ಯನ ಕಡೆ ನೋಡಿದರು. ಅವರ ಕಣ್ಣಲ್ಲಿ ಕೋಪ ಇರಲಿಲ್ಲ. ಅಯ್ಯೋ ಅನ್ನುವ ನೋಟ ಇತ್ತು. ಒಬ್ಬ ಹಿರಿಯರು ಅವನ ಹೆಗಲು ತಟ್ಟಿದರು. “ನೀನೇನು ಮಾಡೀಯೆ ಬುಡಪ್ಪ. ಸತ್ತೋರ ಹಟ. ಒಂದು ಶಾಂತಿ ಮಾಡ್ಸಿಬುಡು.”

ಎಷ್ಟು ಸುಲಭ ಇತ್ತು. ಸುಮ್ಮನೆ ಇದ್ದರೆ ಸಾಕಿತ್ತು. ಊರೇ ಅವನನ್ನು ಬಿಟ್ಟುಬಿಟ್ಟಿತ್ತು. ಒಂದು ಕೋಳಿ, ಒಂದು ಕುಂಬಳಕಾಯಿ, ಅಲ್ಲಿಗೆ ಮುಗಿಯುತ್ತಿತ್ತು. ಮಲ್ಲಾಜಮ್ಮ ಮಾತ್ರ ಆ ಊರಿನಲ್ಲಿ ಎಂದೆಂದಿಗೂ ದೆವ್ವವಾಗಿ ಉಳಿಯುತ್ತಿದ್ದಳು. ಅಳುವ ಮಕ್ಕಳನ್ನು ಹೆದರಿಸಲು ಅವಳ ಹೆಸರು ಹೇಳುತ್ತಿದ್ದರು. ಯಾರ ಮನೆಯ ಬಾಣಂತಿಗೂ ಸಾರು ಕಾಸಿಕೊಂಡು ಹೋಗುತ್ತಿದ್ದ ಹೆಂಗಸು ಅವಳು.

ರಾಚಯ್ಯನಿಗೆ ಆಗ ತಿಳಿಯಿತು. ಆ ಸದ್ದಿಗೆ ಅವಳ ಹೆಸರು ಇಟ್ಟವನು ಅವನೇ. ಈಗ ಆ ಹೆಸರಿನ ಮೇಲೆ ಕೊಲೆ ಬಂದು ಕೂತಿತ್ತು.

ವೇಲು ಸುದ್ದಿ ಕೇಳಿ ಏರಿಗೆ ಬಂದಿದ್ದ. ಲಾರಿಗೆ ಹಗ್ಗ ಕಟ್ಟಿಸಿ ಕಾರನ್ನು ಊರಿಗೆ ಎಳೆಸಿದ್ದ. ಎಂಜಿನ್ ಪಕ್ಕಕ್ಕೆ ಕೈ ಹೋಗುವಷ್ಟು ತೂತು ಬಿದ್ದಿತ್ತು. ರಾಚಯ್ಯ ಅಲ್ಲಿಂದ ಎದ್ದು, ಮನೆಗೆ ಹೋಗದೆ ಕಾರಿನ ಹತ್ತಿರ ಹೋದ. ವೇಲು ಇನ್ನೂ ಅಲ್ಲೇ ಇದ್ದ.

“ಅದನ್ನ ತೆಗುದ್ಕೊಡು,” ಅಂದ.

ವೇಲು ಏನು ಅಂತ ಕೇಳಲಿಲ್ಲ. ತೂತಿನಲ್ಲಿ ಕೈ ಹಾಕಿ ಮುರಿದ ತೋಳನ್ನೂ ಬೇರಿಂಗ್ ಚೂರನ್ನೂ ತೆಗೆದ. ಬೇರಿಂಗ್ ಕಾಗದದಷ್ಟು ತೆಳ್ಳಗಾಗಿ, ಸುಟ್ಟು, ಸುರುಟಿಕೊಂಡಿತ್ತು.

“ನಾನು ಹೇಳಿದ್ದೆ ಅಣ್ಣ,” ಅಂದ ವೇಲು. ಚುಚ್ಚಲು ಅಂದದ್ದಲ್ಲ. ಬೇರೆ ಮಾತು ಸಿಗಲಿಲ್ಲ.

“ಹೇಳಿದ್ದೆ ಕಣಪ್ಪ.”

ಮಾರನೆಯ ದಿನ ಬೆಳಿಗ್ಗೆ ದೊಡ್ಡತಾಯಮ್ಮನನ್ನು ಹೊರಗೆ ತಂದು ಕೂರಿಸಿದ್ದರು. ಹೂವು ಹಾಕಿದ್ದರು. ಊರೆಲ್ಲ ಇತ್ತು. ರಾಚಯ್ಯ ಜನರ ನಡುವೆ ನಡೆದು ಬಂದು ಮಂಗಳನ ಮುಂದೆ ನಿಂತ. ಕೈಯಲ್ಲಿದ್ದ ತೋಳನ್ನೂ ಚೂರನ್ನೂ ನೆಲದ ಮೇಲೆ ಇಟ್ಟ.

“ಇದು ಬೇರಿಂಗ್ ಕಣವ್ವ. ಬಡೀತಿದ್ದದ್ದು ಇದು. ಆಯಿಲ್ ಇಲ್ದೆ ಓಡಿ ಸವುದೋಗಿತ್ತು. ವೇಲು ನಂಗೆ ಆಗ್ಲೇ ಹೇಳಿದ್ದ. ಜನ ಕೂರಿಸ್ಬೇಡ ಅಂದಿದ್ದ. ಪರಶಿವ ನಾನು ಕರ್ಕಂಡೋಯ್ತೀನಿ ಅಂದಿದ್ದ. ನಾನೇ ಬುಡಲಿಲ್ಲ. ಎಲ್ಲ ಗೊತ್ತಿತ್ತು ನಂಗೆ. ಗೊತ್ತಿದ್ದೇ ಕೂರಿಸ್ದೆ.”

ಅಷ್ಟು ಉದ್ದ ಅವನು ಯಾವತ್ತೂ ಮಾತಾಡಿದವನಲ್ಲ. ಉಸಿರು ತೆಗೆದುಕೊಂಡು ಇನ್ನೊಂದು ಹೇಳಿದ.

“ನಮ್ಮನೆಯೋಳು ಏನೂ ಮಾಡಿಲ್ಲ. ಅವಳು ಸತ್ತೋಗವ್ಳೆ. ಬೈಯೋದಾದ್ರೆ ನಂಗೆ ಬೈಯಿ.”

ತಮಟೆಯವನು ಕೋಲು ಕೆಳಗಿಟ್ಟ. ಹೆಗಲು ತಟ್ಟಿದ್ದ ಹಿರಿಯರು ಮುಖ ತಿರುಗಿಸಿದರು.

ಮಂಗಳ ನೆಲದ ಮೇಲಿದ್ದ ಕಬ್ಬಿಣವನ್ನು ನೋಡಿದಳು. ಮುಟ್ಟಲಿಲ್ಲ. ಆಮೇಲೆ ರಾಚಯ್ಯನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ಕ್ಷಮೆ ಇರಲಿಲ್ಲ. ಮುಂದೆಯೂ ಬರಲಿಲ್ಲ.

“ಗುಂಡಿ ತೋಡಕ್ಕೆ ಹೋದೋರು ಇಬ್ಬರೇ,” ಅಂದಳು. “ಅಲ್ಲಿ ಬಂಡೆ ಸಿಕ್ಕೈತಂತೆ. ಹೋಗಿ.”

ರಾಚಯ್ಯ ಒಬ್ಬರ ಮನೆಯಿಂದ ಹಾರೆ ಇಸಿದುಕೊಂಡ. ಹೊಲದ ಬದುವಿಗೆ ಹೋದ. ಅಂಗಿ ಬಿಚ್ಚಿಟ್ಟ. ಗುಂಡಿಗೆ ಇಳಿದು ಬಂಡೆ ಎಬ್ಬಿಸತೊಡಗಿದ.

ನೀತಿ: ಕೆಟ್ಟದ್ದು ಕೆಟ್ಟಿದೆ ಅಂತ ಗೊತ್ತಾದ ದಿನವೇ ಅದನ್ನು ಬಿಚ್ಚಿ ನೋಡಬೇಕು. ಸತ್ತವರ ಮೇಲಿನ ಪ್ರೀತಿಯನ್ನು ನಮ್ಮ ಎದೆಯಲ್ಲಿ ಇಟ್ಟುಕೊಳ್ಳಬೇಕು, ಬದುಕಿರುವವರ ಹೆಗಲಿಗೆ ಹಾಕಬಾರದು. ನಮ್ಮ ಆಸೆಗೆ ಸತ್ತವರ ಹೆಸರು ಕೊಟ್ಟರೆ ನಾಳೆ ನಮ್ಮ ತಪ್ಪಿಗೂ ಅವರ ಹೆಸರೇ ಬೀಳುತ್ತದೆ. ಅವರಿಗೆ ಬಂದು ಅಲ್ಲ ಅನ್ನಲು ಬಾಯಿಲ್ಲ.